ಮೋಟಾರು ನಿಂತರೂ ನಿಲ್ಲದ 40 ಹರ್ಟ್ಸ್

ಗದಗ ಸಮೀಪದ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಮೋಟಾರಿನ ಕಂಪನ ಅಳೆಯಲು ಕೂರಿಸಿದ್ದ ಉಪಕರಣವು 40 ಹರ್ಟ್ಸ್‌ನಲ್ಲಿ ಎದ್ದುಕಾಣುವ ಕಂಪನವನ್ನು ತೋರಿಸುತ್ತಿತ್ತು. ಎರಡು ಸಲ ಬೇರಿಂಗ್ ಬದಲಿಸಿದರೂ ಅದು ಹೋಗದಿದ್ದಾಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಕರೆ ಬಂತು. ಮೋಟಾರನ್ನು ಪೂರ್ತಿ ನಿಲ್ಲಿಸಿ ನೋಡಿದೆ. 40 ಹರ್ಟ್ಸ್ ಅಲ್ಲೇ ಇತ್ತು. ಸ್ಯಾಂಪ್ಲಿಂಗ್ ದರವನ್ನು, ಅಂದರೆ ಉಪಕರಣ ಸಿಗ್ನಲನ್ನು ಅಳೆಯುವ ವೇಗವನ್ನು, ಸೆಕೆಂಡಿಗೆ 10,000ದಿಂದ 11,000ಕ್ಕೆ ಏರಿಸಿದೊಡನೆ ಅದು 1,040 ಹರ್ಟ್ಸ್‌ಗೆ ಜಿಗಿಯಿತು. ನಿಜವಾದ ಕಂಪನ ಹಾಗೆ ಜಾಗ ಬದಲಿಸುವುದಿಲ್ಲ. ಉಪಕರಣದ ಸ್ವಂತ ಪವರ್ ಸಪ್ಲೈ 100.04 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತಿತ್ತು. ಅಳೆಯುವ ದರದ ಅರ್ಧಕ್ಕಿಂತ ವೇಗದ ಸಿಗ್ನಲ್, ಆ ದರದ ಅತಿ ಹತ್ತಿರದ ಗುಣಕಕ್ಕೂ ತನಗೂ ಇರುವ ಅಂತರದಲ್ಲಿ ಕಾಣಿಸಿಕೊಳ್ಳುತ್ತದೆ: 10 ಕಿಲೋಹರ್ಟ್ಸ್‌ನ ಹತ್ತು ಪಟ್ಟನ್ನು ಕಳೆದರೆ ಉಳಿಯುವುದು 40 ಹರ್ಟ್ಸ್, 11ರ ಒಂಬತ್ತು ಪಟ್ಟನ್ನು ಕಳೆದರೆ 1,040.

ಸೆಕೆಂಡಿಗೆ ಹತ್ತು ಸಾವಿರ ಸಲ ಮಾತ್ರ ಅಳೆಯುವ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) 100 ಕಿಲೋಹರ್ಟ್ಸ್ ಅನ್ನು ತಾನಾಗಿಯೇ ತಡೆಯುತ್ತದೆ ಎಂದು ಆ ಸರ್ಕ್ಯೂಟ್ ಮಾಡಿದವರು ನಂಬಿದ್ದಿರಬೇಕು. ಆದರೆ ಅಳೆಯುವ ವೇಗವೇ ಬೇರೆ, ಒಳಬಿಡುವ ಆವರ್ತನಗಳ ಮಿತಿಯೇ ಬೇರೆ. ಸ್ಯಾಂಪ್ಲಿಂಗ್ ದರವನ್ನು ಚಿಪ್ಪಿನ ಗಡಿಯಾರ ನಿರ್ಧರಿಸುತ್ತದೆ. ಆ ಮಿತಿಯನ್ನು, ಅಂದರೆ ಇನ್‌ಪುಟ್ ಬ್ಯಾಂಡ್‌ವಿಡ್ತನ್ನು, ಮುಖ್ಯವಾಗಿ ಒಳಗಿನ ಸ್ವಿಚ್ಚಿನ ರೋಧ ಮತ್ತು ವೋಲ್ಟೇಜನ್ನು ಹಿಡಿದಿಡುವ ಕೆಪಾಸಿಟರ್ ನಿರ್ಧರಿಸುತ್ತವೆ. 100 ಓಮ್ ಮತ್ತು 5 ಪಿಕೋಫ್ಯಾರಡ್ ಎಂದು ಹಿಡಿದರೆ ಅದು ಸುಮಾರು 318 ಮೆಗಾಹರ್ಟ್ಸ್ ಆಗುತ್ತದೆ. ಸಿಕ್ಕ ಅಲ್ಪ ಸಮಯದಲ್ಲಿ ಕೆಪಾಸಿಟರ್ ಪೂರ್ತಿ ತುಂಬಲೇಬೇಕಾದ್ದರಿಂದ ಈ ಅಗಲವನ್ನು ಬೇಕೆಂದೇ ಇಡುತ್ತಾರೆ. 12 ಬಿಟ್‌ಗಳ ನಿಖರತೆಗೆ ಸುಮಾರು ಒಂಬತ್ತು ಟೈಮ್ ಕಾನ್‌ಸ್ಟಂಟ್‌ಗಳಷ್ಟು (ಒಂದು ಟೈಮ್ ಕಾನ್‌ಸ್ಟಂಟ್ ಎಂದರೆ ಆ ರೋಧ ಮತ್ತು ಕೆಪಾಸಿಟರ್ ಬೆಲೆಗಳ ಗುಣಲಬ್ಧ) ಸಮಯ ಬೇಕು.

ಎಡಿಸಿಯ ಮುಂದೆ 1 ಕಿಲೋಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ. 1.6 ಕಿಲೋಹರ್ಟ್ಸ್‌ನಲ್ಲಿ ಇಳಿಯತೊಡಗುವ ಈ ಫಿಲ್ಟರ್ 100 ಕಿಲೋಹರ್ಟ್ಸ್ ಅನ್ನು ಅರುವತ್ತು ಪಟ್ಟಿಗೂ ಹೆಚ್ಚು ಕುಗ್ಗಿಸಿತು, ಭೂತ ಮಾಯವಾಯಿತು. (ತೆಗೆದಿಟ್ಟ ಬೇರಿಂಗ್‌ಗಳು ಚೆನ್ನಾಗಿಯೇ ಇದ್ದವು.) ಆದರೆ ಎಲ್ಲ ಕಡೆಗೂ ಇದು ಸಾಲದು, 6 ಕಿಲೋಹರ್ಟ್ಸ್‌ನ ಗದ್ದಲವಿದ್ದರೆ ಅದರ ಕಾಲು ಭಾಗ ಹಾಗೆಯೇ ಉಳಿದು, 4 ಕಿಲೋಹರ್ಟ್ಸ್ ಎಂದು ತೋರುತ್ತದೆ.

ಚಿಪ್ ತಯಾರಕರು ಕೊಡುವ ಡೇಟಾಶೀಟಿನ ಬ್ಯಾಂಡ್‌ವಿಡ್ತ್ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. ಅದು 3 ಡೆಸಿಬೆಲ್ ಕುಸಿಯುವ ಬಿಂದು, ಅಂದರೆ ಅಲ್ಲಿ 10 ವೋಲ್ಟ್ 7.07 ಆಗಿ ಕಾಣುತ್ತದೆ. ಶೇ. 1ಕ್ಕಿಂತ ಕಡಿಮೆ ತಪ್ಪು ಬೇಕೆಂದರೆ ಆ ಸಂಖ್ಯೆಯ ಏಳನೇ ಒಂದು ಭಾಗದೊಳಗೆ ಇರಬೇಕು.

ರೇಡಿಯೊ ಕೆಲಸದಲ್ಲಿ ಇದೇ ಅಗಲ ಉಪಕಾರಿಯಾಗುತ್ತದೆ. 70 ಮೆಗಾಹರ್ಟ್ಸ್ ಸಿಗ್ನಲನ್ನು ಸೆಕೆಂಡಿಗೆ 8 ಕೋಟಿ ಸಲ ಅಳೆದರೆ ಅದು 10 ಮೆಗಾಹರ್ಟ್ಸ್‌ಗೆ ಇಳಿದು ಬರುತ್ತದೆ, ಆವರ್ತನ ಇಳಿಸುವ ಮಿಕ್ಸರ್ ಎಂಬ ಸರ್ಕ್ಯೂಟ್ ಬೇಕಾಗುವುದಿಲ್ಲ; ಆದರೆ ಅಲ್ಲಿಯೂ 70ರ ಸುತ್ತಲಿನ ಪಟ್ಟಿಯನ್ನು ಮಾತ್ರ ಬಿಡುವ ಫಿಲ್ಟರ್ ಇಲ್ಲದಿದ್ದರೆ 90 ಮೆಗಾಹರ್ಟ್ಸ್ ಕೂಡ ಅದೇ 10ರ ಮೇಲೆ ಬಂದು ಕೂರುತ್ತದೆ.