ಜನವರಿ ಚಳಿಗೆ ಕಾಫಿ ಎಲೆ ಉದುರುತ್ತಾ?

ಪ್ರಶ್ನೆ: ಮಡಿಕೇರಿ ಹತ್ರ ನಮ್ದು ಅರೇಬಿಕಾ ತೋಟ. ಚಳಿ ಜೋರಾದ್ಮೇಲೆ ಎಲೆ ಹಳದಿಯಾಗಿ ಉದುರ್ತಾ ಇದೆ. ಗಿಡಕ್ಕೆ ಚಳಿ ತಡೀತಿಲ್ವಾ, ಇಲ್ಲಾ ರೋಗನಾ?

ಹೆಚ್ಚಾಗಿ ಇದು ಎಲೆ ತುಕ್ಕು ರೋಗ. ಉದುರೋಕೆ ಬಂದಿರೋ ಒಂದು ಎಲೆ ಕಿತ್ತು ಮಗುಚಿ ನೋಡಿ, ಅಡೀಲಿ ದುಂಡು ಮಚ್ಚೆ ಇದ್ದು ಉಜ್ಜಿದಾಗ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟಿದ್ರೆ ತುಕ್ಕು ಅಂತ್ಲೇ ಲೆಕ್ಕ. ಪುಡಿ ಇಲ್ದಿದ್ರೆ ಫಸಲಿನ ಭಾರಕ್ಕೆ ಗಿಡ ಸೊರಗಿರಬಹುದು, ಗೊಬ್ಬರದ ಕಡೆ ಗಮನ ಕೊಡಿ.

ಅರೇಬಿಕಾದ ಮೂಲ ಇಥಿಯೋಪಿಯಾದ ಬೆಟ್ಟದ ಕಾಡು, ಹಿಮ ಬೀಳದಿದ್ರೆ ನಮ್ಮ ಚಳಿ ಅದು ತಡ್ಕೊಳ್ಳುತ್ತೆ. ರಾತ್ರಿ ನೆಲದ ಬಿಸಿ ಪೂರ್ತಿ ಮೇಲೆ ಹೋಗದ ಹಾಗೆ ನೆರಳು ಮರಗಳೂ ಕಾಯ್ತವೆ. ಅಷ್ಟೇ ಅಲ್ಲ, ಡಿಸೆಂಬರ್ ಆದ್ಮೇಲಿನ ಒಣ ಚಳಿ ಗಿಡಕ್ಕೆ ಬೇಕೇ ಬೇಕು, ಆಗ ಮೊಗ್ಗು ಬೆಳವಣಿಗೆ ನಿಲ್ಲಿಸಿ ಸುಮ್ನೆ ಕೂತಿರುತ್ತೆ, ಆಮೇಲೆ ಹೂಮಳೆ, ಅಂದ್ರೆ ಮೊಗ್ಗು ಅರಳಿಸೋ ಮಳೆ, ಬಿದ್ರೆ ಎಂಟು ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗೆ.

ಈಗೀಗ ಹದ ತಪ್ತಿರೋದು ಈ ಒಣ ಚಳಿನೇ. ತುಕ್ಕಿನ ಬೀಜಾಣು ಮೊಳೆಯೋಕೆ ಎಲೆ ಮೇಲೆ ನೀರು ಬೇಕು, ಜೊತೆಗೆ 21ರಿಂದ 25 ಡಿಗ್ರಿ ಸಿಕ್ರೆ ಅದಕ್ಕೆ ಹಬ್ಬ, 15ಕ್ಕಿಂತ ಕೆಳಗಿಳಿದ್ರೆ ನಿಧಾನ ಆಗುತ್ತೆ. ನವೆಂಬರ್ ಡಿಸೆಂಬರಲ್ಲಿ ಸೈಕ್ಲೋನ್ ಮೋಡ ಕಟ್ಕೊಂಡು ನಿಂತ್ರೆ ರಾತ್ರಿ ಬೆಚ್ಚಗಿರುತ್ತೆ, ಎಲೆ ಒಣಗೋದೇ ಇಲ್ಲ, ರೋಗಕ್ಕೆ ಸಿಗಬೇಕಾದ ಬ್ರೇಕ್ ಸಿಗಲ್ಲ, ಆಗ ಹತ್ತಿದ್ದು ಜನವರೀಲಿ ಉದುರೋವಾಗ ನಾವು ಚಳಿನ ಬೈತೀವಿ. 2021ರ ಜನವರಿ ಮೊದಲ ವಾರ ಮಳೆ ಸುರಿದಾಗಂತೂ ಕಣದಲ್ಲಿ ಹರಡಿದ ಕಾಫಿನೂ ಹೋಯ್ತು, ಗಿಡದಲ್ಲಿ ಹಣ್ಣಿರೋವಾಗ್ಲೇ ಅಕಾಲಕ್ಕೆ ಹೂ ಬೇರೆ. ವರ್ಷದ ದುಡಿಮೆ ಹಂಗೆ ನೆನೆಯೋದು ನೋಡೋಕಾಗಲ್ಲ.

ಈಗ ಔಷಧಿ ಹೊಡೆದ್ರೆ ಉದುರಿದ ಎಲೆ ವಾಪಸ್ ಬರಲ್ಲ. ಮುಂಗಾರಿಗೆ ಮುಂಚೆ ಒಂದ್ಸಲ, ಮಳೆ ಬಿಡುವು ಕೊಟ್ಟಾಗ ಸೆಪ್ಟೆಂಬರ್ ಹೊತ್ತಿಗೆ ಇನ್ನೊಂದ್ಸಲ ಬೋರ್ಡೋ ದ್ರಾವಣ ಹೊಡೀರಿ: ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, 200 ಲೀಟರ್ ನೀರು. ಎಲೆಯ ಅಡಿಭಾಗ ನೆನೀಬೇಕು, ರೋಗ ಒಳಗೆ ಹೋಗೋದೇ ಅಲ್ಲಿಂದ, ಬರೀ ಎಲೆ ಮೇಲ್ಭಾಗಕ್ಕೆ ಹೊಡೆದ್ರೆ ದುಡ್ಡು ದಂಡ.

ಇನ್ನೊಂದು, ಎಲೆ ಉದುರಿದ ಜಾಗದಲ್ಲಿ ಈಗ ಮರಕಪಾತು, ಅಂದ್ರೆ ನೆರಳು ಮರದ ಕೊಂಬೆ ಕಡಿಯೋದು, ಮಾಡ್ಬೇಡಿ ಪ್ಲೀಸ್. ಬಿಸಿಲು ಬಿದ್ದ ಕಾಂಡ ಹುಡುಕ್ಕೊಂಡೇ ಬಿಳಿ ಕಾಂಡಕೊರಕ ಅನ್ನೋ ದುಂಬಿ ಮೊಟ್ಟೆ ಇಡೋದು, ಏಪ್ರಿಲಲ್ಲಿ ಅದು ಮತ್ತೆ ಹಾರೋಕೆ ಶುರು ಮಾಡುತ್ತೆ. ಹೊಸದಾಗಿ ನೆಡೋರಿದ್ರೆ ತುಕ್ಕು ತಡೆಯೋ ತಳಿಗಳ ಬಗ್ಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ, ಹೋಗೋವಾಗ ರೋಗದ ಎಲೆ ನಾಲ್ಕು ಕವರಲ್ಲಿ ಹಾಕ್ಕೊಂಡು ಹೋಗಿ.