ಮುದ್ದೆ ನುಂಗುವ ರೋಬೋಟ್ ಬೇಕು

ಹಾಸನದ ಸುತ್ತಮುತ್ತ ಅನ್ನನಾಳದ ಕಾಯಿಲೆಯ ಸುಳಿವು ಮೊದಲು ಸಿಗುವುದು ಮುದ್ದೆಯಿಂದ. "ಮುದ್ದೆ ಇಳೀತಿಲ್ಲ ಡಾಕ್ಟ್ರೇ, ಎದೇಲೇ ನಿಂತ್ಕತದೆ. ಅನ್ನ ಆದ್ರೆ ಹೆಂಗೋ ಹೋಯ್ತದೆ" ಎನ್ನುತ್ತಾರೆ ಅರಕಲಗೂಡು, ಹೊಳೆನರಸೀಪುರದ ಕಡೆಯ ಹಿರಿಯರು. ಅರ್ಧ ರೋಗನಿರ್ಣಯ ಆ ಮಾತಲ್ಲೇ ಇದೆ. ಮೊದಲು ಮುದ್ದೆ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಕಷ್ಟ ಎಂದಾದರೆ ನಾಳ ಕಿರಿದಾಗುತ್ತಿದೆ. ಗೆಡ್ಡೆ ಇದೆಯೇ ಎಂದು ಎಂಡೋಸ್ಕೋಪಿ ಮಾಡಿ ನೋಡಲೇಬೇಕು. ಮೊದಲಿನಿಂದಲೂ ನೀರು ಕೂಡ ನಿಲ್ಲುತ್ತಿದ್ದರೆ ಸ್ನಾಯುಗಳ ಚಲನೆಯಲ್ಲೇ ದೋಷವಿರುವ ಸಾಧ್ಯತೆ ಹೆಚ್ಚು.

ನುಂಗಿದ್ದು ತಾನಾಗಿ ಜಾರಿ ಹೊಟ್ಟೆಗೆ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳ ತುತ್ತಿನ ಹಿಂದೆ ಬಿಗಿದು, ಮುಂದೆ ಸಡಿಲಿಸಿ, ಸೆಕೆಂಡಿಗೆ 2ರಿಂದ 4 ಸೆಂ.ಮೀ. ವೇಗದಲ್ಲಿ ಅದನ್ನು ತಳ್ಳಿಕೊಂಡು ಹೋಗುತ್ತದೆ. ಈ ಅಲೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಮೆತ್ತನೆಯ ಸಿಲಿಕೋನ್ ನಳಿಗೆಯೊಂದರಲ್ಲಿ ತಂದಿದ್ದಾರೆ. ನುಂಗುವ ರೋಬೋಟ್ ಎಂದರೆ ಇದೇ. ನಳಿಗೆಯ ಗೋಡೆಯೊಳಗೆ ಸುತ್ತಲೂ ಗಾಳಿಯ ಪುಟ್ಟ ಕೋಣೆಗಳು, ಮೇಲಿಂದ ಕೆಳಕ್ಕೆ ಸಾಲುಸಾಲಾಗಿ. ಒಂದೊಂದೇ ಸಾಲಿಗೆ ಗಾಳಿ ತುಂಬಿದಂತೆ ದಾರಿ ಮುಚ್ಚುತ್ತಾ ಬಂದು ಒಳಗಿನದು ಕೆಳಕ್ಕೆ ಸರಿಯುತ್ತದೆ. ಹಾಲು ಕರೆಯುವಾಗ ತೋರುಬೆರಳಿಂದ ಕಿರುಬೆರಳಿನವರೆಗೆ ಒಂದರ ಹಿಂದೊಂದು ಬೆರಳು ಬಿಗಿಯುತ್ತದಲ್ಲ, ಹಾಗೆ.

ಇದರಲ್ಲಿ ನನಗೆ ಆಸಕ್ತಿ ಇರುವುದು ಸ್ಟೆಂಟಿನ ಸಲುವಾಗಿ. ಕ್ಯಾನ್ಸರ್ ಬಲಿತು ಆಪರೇಷನ್ ಸಾಧ್ಯವಿಲ್ಲದವರಿಗೆ, ಊಟವಾದರೂ ಇಳಿಯಲಿ ಎಂದು, ಗೆಡ್ಡೆಯ ಜಾಗದಲ್ಲಿ ಲೋಹದ ಜಾಲರಿಯ ಕೊಳವೆ ಕೂರಿಸುತ್ತೇವೆ. ಅದೇ ಸ್ಟೆಂಟ್. ಅದು ತಾನೇ ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ಬರೀ ಜಾಲರಿಯಾದರೆ ಅದರ ಕಣ್ಣುಗಳಲ್ಲಿ ಗೆಡ್ಡೆ ತೂರಿ ಬೆಳೆದು ಮತ್ತೆ ಕಟ್ಟಿಕೊಳ್ಳುತ್ತದೆ. ಹೊದಿಕೆ ಇರುವುದು ಹಾಕಿದರೆ ಜಾರುವ ಭಯ. ಜಠರದ ಬಾಯಿ ದಾಟಿ ಒಳಚಾಚುವಂತೆ ಕೂರಿಸಿದಾಗಲಂತೂ ಕೆಳತುದಿಗೆ ಹಿಡಿತವೇ ಇರುವುದಿಲ್ಲ. ಅನ್ನನಾಳ ಅದನ್ನೂ ಒಂದು ತುತ್ತೆಂದೇ ತಳ್ಳುತ್ತಿರುತ್ತದೆ. ಯಾವ ವಿನ್ಯಾಸ ಎಷ್ಟು ಜಾರುತ್ತದೆ ಎಂಬುದನ್ನು ದಿನ ಎಣಿಸುತ್ತಿರುವ ರೋಗಿಯ ಎದೆಯೊಳಗೆ ಕಂಡುಕೊಳ್ಳುವುದು ಅನ್ಯಾಯ. ರೋಬೋಟಿನಲ್ಲಾದರೆ ಕೂರಿಸಿ, ಗಂಟೆಗಟ್ಟಲೆ ಅಲೆ ಹಾಯಿಸಿ ಅಳೆಯಬಹುದು. ಆಕ್ಲೆಂಡಿನ ನಳಿಗೆಯಲ್ಲಿ ಈ ಬಗೆಯ ಪರೀಕ್ಷೆಗಳು ನಡೆದಿವೆ.

ಹಾಗೆಂದು "ರೋಬೋಟಿನಲ್ಲಿ ಪಾಸಾಗಿದೆ" ಎಂದು ಯಾರಾದರೂ ಸ್ಟೆಂಟ್ ಮಾರಲು ಬಂದರೆ ನಾನು ಅರ್ಧವಷ್ಟೇ ನಂಬುತ್ತೇನೆ. ರೋಬೋಟಿಗೆ ನರವಿಲ್ಲ. ನಮ್ಮ ಅನ್ನನಾಳ ಸಿಕ್ಕಿಕೊಂಡ ತುತ್ತನ್ನು ತಾನೇ ಗುರುತಿಸಿ, ನಾವು ಮತ್ತೆ ನುಂಗದಿದ್ದರೂ ಇನ್ನೊಂದು ಅಲೆ ಕಳಿಸುತ್ತದೆ. ಗಾಳಿಯ ನಳಿಗೆ ಹೇಳಿಕೊಟ್ಟಷ್ಟನ್ನೇ ಮಾಡುತ್ತದೆ. ಜೊಲ್ಲಿಲ್ಲ, ಲೋಳೆಯಿಲ್ಲ, ರಕ್ತ ಸೋರುವ ಹುಣ್ಣೂ ಇಲ್ಲ.

ಕೃತಕ ಜಠರ ಇದಕ್ಕಿಂತ ಹಳೆಯದು. ಆಮ್ಲ, ಕಿಣ್ವ ಸೇರಿಸಿ, ಬೆಚ್ಚನೆಯ ನೀರಿನ ಒತ್ತಡದಿಂದ ಹಿಂಡುವ ಯಂತ್ರ ನೆದರ್ಲೆಂಡ್ಸಿನಲ್ಲಿ 1990ರ ದಶಕದಲ್ಲೇ ಬಂತು. ಮಾತ್ರೆ ಹೇಗೆ ಕರಗುತ್ತದೆ, ಆಹಾರ ಹೇಗೆ ಒಡೆಯುತ್ತದೆ ಎಂದು ನೋಡಲು ಅಂಥವು ಬೇಕು.

ನನ್ನ ತಕರಾರು ಬೇರೆ. ಅನ್ನನಾಳದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹರಿಯಬಿಡುವುದು ಪಿಷ್ಟದಂಥದ್ದು ಬೆರೆಸಿ ಮಂದ ಮಾಡಿದ ನೀರನ್ನು. ಲಕ್ವ ಹೊಡೆದು ನುಂಗಲಾಗದವರ ಆಹಾರಕ್ಕೆ ಅದು ಹತ್ತಿರ, ಸರಿ. ಆದರೆ ನಮ್ಮವರು ಉಣ್ಣುವುದು ಬಿಸಿ ಮುದ್ದೆ: ಒಳಗೆ ಅಂಟು, ಹೊರಗೆ ಸಾರಿನ ಜಾರು, ಜಗಿಯದೆ ಇಡಿಯಾಗಿ ನುಂಗುವ ತುತ್ತು. ಸ್ಟೆಂಟಿನೊಳಗೆ ಅದು ಹೇಗೆ ವರ್ತಿಸುತ್ತದೆ, ಎಷ್ಟು ಗಾತ್ರದವರೆಗೆ ಅಪಾಯವಿಲ್ಲ ಎಂಬುದನ್ನು ಇಂಥ ನಳಿಗೆಯಲ್ಲಿ ಸುಲಭವಾಗಿ ಅಳೆಯಬಹುದು. ಆಹಾರ ಸಂಶೋಧನೆಗೆಂದೇ ಇರುವ ಸಿಎಫ್‌ಟಿಆರ್‌ಐ ಮೈಸೂರಿನಲ್ಲಿದೆ; ಯಾರಾದರೂ ಮನಸ್ಸು ಮಾಡಬೇಕು.

ಸದ್ಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಮುದ್ದೆ ಬೇಡವೇ ಬೇಡ ಎನ್ನುತ್ತೇನೆ. ರಾಗಿ ಬೇಕೇಬೇಕು ಅನ್ನಿಸಿದರೆ ತೆಳ್ಳಗೆ ಅಂಬಲಿ ಕಾಯಿಸಿ ಕುಡಿಯಿರಿ. ನೆಟ್ಟಗೆ ಕೂತು ಉಣ್ಣಿ, ನಡುನಡುವೆ ಬಿಸಿನೀರು ಗುಟುಕರಿಸಿ. ತುತ್ತು ನಿಂತಿತು ಅನ್ನಿಸಿದರೆ ಅದರ ಮೇಲೆ ಇನ್ನೊಂದು ತುತ್ತು ತುರುಕಬೇಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಅಂದೇ ಹೋಗಿ.