ಒಂದೇ ಓವಲ್, ಎರಡು ನೆಲ: ಬ್ರಿಸ್ಟಲ್ ಟಿಪ್ಪಣಿ

ಗಟ್ಟಿ ನೆಲದ ರೇಸಿಗೂ ಮಣ್ಣಿನ ರೇಸಿಗೂ ಏನು ವ್ಯತ್ಯಾಸ ಅಂತ ಕಲಿಯಲು ಅಮೆರಿಕದ ಟೆನೆಸಿಯಲ್ಲಿರುವ ಬ್ರಿಸ್ಟಲ್ ಟ್ರ್ಯಾಕನ್ನೇ ನೋಡಿ. ಅದು ಒಂದು ಸುತ್ತಿಗೆ ಸುಮಾರು 860 ಮೀಟರ್ ಇರುವ ಕಾಂಕ್ರೀಟ್ ಓವಲ್, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್. 2021ರಿಂದ 2023ರವರೆಗೆ ವರ್ಷಕ್ಕೊಂದು ನಾಸ್ಕಾರ್ ಕಪ್ (ಅಮೆರಿಕದ ಸ್ಟಾಕ್ ಕಾರ್ ರೇಸಿಂಗಿನ ಅಗ್ರ ಸರಣಿ) ರೇಸಿಗಾಗಿ ಅದರ ಮೇಲೆ ಮಣ್ಣು ಸುರಿದರು. ಡ್ರೈವರ್‌ಗಳು ಹೆಚ್ಚುಕಮ್ಮಿ ಅವರೇ, ನೆಲ ಮಾತ್ರ ಬೇರೆ.

ಕಾಂಕ್ರೀಟಿನದು ಬೇಗ ಹೇಳಿಬಿಡಬಹುದು. ಗಾಡಿ ನೇರವಾಗಿದ್ದಾಗಲೇ ಬ್ರೇಕಿನ ಮುಖ್ಯ ಕೆಲಸ ಮುಗಿಯಬೇಕು. ತಿರುವಿನೊಳಗೆ ಬ್ರೇಕನ್ನು ಮೆಲ್ಲಗೆ ಬಿಡುತ್ತಾ ಹೋದರೆ ಭಾರ ಮುಂದಿನ ಟೈರುಗಳ ಮೇಲೆ ಉಳಿದು ಮೂತಿ ಒಳಕ್ಕೆ ತಿರುಗುತ್ತದೆ. ಟೈರ್ ಕೆಲವೇ ಡಿಗ್ರಿ ಅಡ್ಡ ಜಾರಿದಾಗ ಹಿಡಿತ ಅತಿ ಹೆಚ್ಚು. ಅದಕ್ಕಿಂತ ಜಾಸ್ತಿ ಜಾರಿಸಿದರೆ ನೋಡಲು ಚೆಂದ, ಆದರೆ ಟೈರ್ ಬಿಸಿಯಾಗುತ್ತದೆ, ಸಮಯ ದಂಡ.

ಮಣ್ಣಿನಲ್ಲಿ ಇದೇ ಉಲ್ಟಾ. ಸಡಿಲ ಮಣ್ಣಿನಲ್ಲಿ ಅಡ್ಡ ಜಾರುವ ಟೈರ್ ತನ್ನ ಪಕ್ಕದಲ್ಲೇ ಮಣ್ಣು ಗುಡ್ಡೆ ಹಾಕಿಕೊಂಡು ಅದಕ್ಕೆ ಒರಗಿ ನಿಲ್ಲುತ್ತದೆ. ಹಾಗಾಗಿ ತಿರುವಿಗೆ ಮುಂಚೆಯೇ ಆಕ್ಸಿಲರೇಟರ್ ಬಿಟ್ಟು, ಮೂತಿಯನ್ನು ಒಳಕ್ಕೆ ಎಳೆದು, ಮತ್ತೆ ಕಾಲು ಒತ್ತಿ ಹಿಂಬದಿಯನ್ನು ಹೊರಕ್ಕೆ ಜಾರಿಸುತ್ತಾರೆ. ಗಾಡಿ ಎಡಕ್ಕೆ ತಿರುಗುತ್ತಿರುತ್ತದೆ, ಮುಂದಿನ ಚಕ್ರಗಳು ಬಲಕ್ಕೆ ನೋಡುತ್ತಿರುತ್ತವೆ! ದಿಕ್ಕು ತಿದ್ದುವ ಕೆಲಸದಲ್ಲಿ ಅರ್ಧ ಬಲಗಾಲಿನದು. ಹೆದರಿ ಕಾಲು ಪೂರ್ತಿ ತೆಗೆದರೆ ಹಿಂದಿನ ಟೈರುಗಳಿಗೆ ತಟ್ಟನೆ ಹಿಡಿತ ಸಿಕ್ಕಿ, ಚಕ್ರ ನೋಡುತ್ತಿರುವ ಕಡೆಗೇ ಗಾಡಿ ನುಗ್ಗಬಹುದು. ಆ ಕಡೆ ಇರುವುದು ಗೋಡೆ.

ಇದನ್ನಾದರೂ ಅಭ್ಯಾಸದಿಂದ ಕಲಿಯಬಹುದು. ನೆಲ ಓದುವುದು ಇನ್ನೂ ಕಷ್ಟ ಅಂತ ನನಗನ್ನಿಸುತ್ತದೆ. ಶುರುವಿನಲ್ಲಿ ನೀರು ಹಾಕಿದ ಜೇಡಿಮಣ್ಣು ಅಂಟಂಟಾಗಿರುತ್ತದೆ. ಲ್ಯಾಪ್ ಕಳೆದಂತೆ ಎಲ್ಲರೂ ಓಡಿಸಿದ ದಾರಿ ಒಣಗಿ ನುಣ್ಣಗಾಗುತ್ತದೆ, ಪುಡಿಮಣ್ಣೆಲ್ಲ ಹೊರಗಿನ ಮೇಲಂಚಿಗೆ ಸರಿದು ದಿಂಡಿನಂತೆ ಕೂರುತ್ತದೆ. ಅಲ್ಲಿನವರು ಅದಕ್ಕೆ ಕುಶನ್ ಅನ್ನುತ್ತಾರೆ. ಬಲಗಡೆಯ ಹಿಂದಿನ ಚಕ್ರವನ್ನು ಅದಕ್ಕೆ ಆನಿಸಿ ಓಡಿಸಿದರೆ ಒಳ್ಳೆ ವೇಗ, ಆದರೆ ಸ್ವಲ್ಪ ಎಡವಿ ಅದನ್ನು ಹತ್ತಿದರೆ ಮುಗಿಯಿತು. ಹತ್ತು ಲ್ಯಾಪ್ ಹಿಂದೆ ವೇಗ ಕೊಟ್ಟ ದಾರಿ ಈಗ ಕೊಡದೇ ಇರಬಹುದು. ಗಾಢ ಬಣ್ಣ ಕಂಡರೆ ತೇವ ಅಂತ ತಕ್ಷಣ ಬರೆದುಕೊಳ್ಳಬೇಡಿ, ಟೈರಿನ ರಬ್ಬರ್ ಹಿಡಿದ ಪಟ್ಟಿಯೂ ಕಪ್ಪಗೇ ಕಾಣುತ್ತದೆ. ಎರಡರಲ್ಲೂ ಹಿಡಿತ ಇದೆ, ಆದರೆ ರಬ್ಬರ್ ಪಟ್ಟಿ ಬಿದ್ದರೆ ಎಲ್ಲರೂ ಅದೇ ಸಾಲಿಗೆ ಬರುತ್ತಾರೆ, ಮುಂದಿನವನನ್ನು ದಾಟುವುದು ಕಷ್ಟವಾಗುತ್ತದೆ.

ಹಾಗಾದರೆ ಮಣ್ಣಿನಲ್ಲಿ ಪಳಗಿದವನೇ ಗೆಲ್ಲಬೇಕು ಅಲ್ವಾ? 2021ರಲ್ಲಿ ಮಣ್ಣಿನ ರೇಸಿನಿಂದ ಬಂದ ಕೈಲ್ ಲಾರ್ಸನ್, ಕ್ರಿಸ್ಟೊಫರ್ ಬೆಲ್ ಮೇಲೆ ಎಲ್ಲರ ಕಣ್ಣಿತ್ತು. ಇಬ್ಬರೂ ಒಂದೇ ಅಪಘಾತಕ್ಕೆ ಸಿಕ್ಕಿಕೊಂಡರು, ಗೆದ್ದದ್ದು ಜೋಯಿ ಲೊಗಾನೊ. ಮಣ್ಣಿನ ಓವಲ್‌ಗಳಲ್ಲಿ ಓಡಿಸುವ ಹಗುರ ರೇಸ್ ಗಾಡಿಯಾದ ಸ್ಪ್ರಿಂಟ್ ಕಾರು ಸುಮಾರು 640 ಕಿಲೋ, ಕಪ್ ಕಾರು 1,500 ಕಿಲೋ ಆಸುಪಾಸು. ಅಷ್ಟು ಭಾರ ಒಮ್ಮೆ ಜಾರಲು ಶುರುವಾದರೆ ತಡೆದು ನಿಲ್ಲಿಸುವುದು ಸುಲಭವಲ್ಲ. ಬೆಲ್ 2023ರಲ್ಲಿ ಗೆದ್ದರು.

ಇನ್ನು ಕಾಂಕ್ರೀಟ್ ಯಾವಾಗಲೂ ಒಂದೇ ಥರ ಅಂದುಕೊಳ್ಳಬೇಡಿ. 2024ರ ಮಾರ್ಚಿನಲ್ಲಿ ಮಣ್ಣು ಬಿಟ್ಟು ಕಾಂಕ್ರೀಟ್ ಮೇಲೆ ಓಡಿಸಿದಾಗ ಟೈರುಗಳು ಯಾರೂ ಎಣಿಸದಷ್ಟು ಬೇಗ ಸವೆದವು. ಡ್ರೈವರ್‌ಗಳು ಬೇಕಂತಲೇ ನಿಧಾನಿಸಿ ಟೈರ್ ಉಳಿಸಿಕೊಂಡರು. ಆ ಲೆಕ್ಕದಲ್ಲಿ ಗೆದ್ದವರು ಡೆನ್ನಿ ಹ್ಯಾಮ್ಲಿನ್.